ಡೈರಿದಿಬ್ಬಣ

ಗುಡೇಮಾರನಹಳ್ಳಿಯ ಕಾವೇರಮ್ಮನಿಗೆ ಓದು ಬರಹ ಬಾರದು. ಬ್ಯಾಂಕಿನಲ್ಲಿ ಇವತ್ತಿಗೂ ಹೆಬ್ಬೆಟ್ಟು. ಆದರೆ ಮಾತು ಅಂದರೆ ಮಾತು! ಊರಲ್ಲಿರುವ ಮಾತುಗಳು ಸಾಲದು ಅಂತ ಹೊಸ ಮಾತುಗಳನ್ನೇ ಹುಟ್ಟಿಸುವವಳು. ಅದೂ ಯಾವುದಕ್ಕೆ? ಮಳೆಗಲ್ಲ, ಬೆಳೆಗಲ್ಲ. ಯಾರು ಎಲ್ಲಿ ಒಂದಿಷ್ಟು ಮೆರೆದರೂ ಸರಿ, ಆ ಮೆರೆದಾಟಕ್ಕೆ ನಿಂತ ನಿಲುವಿನಲ್ಲೇ ಒಂದು ಹೆಸರು ಕಟ್ಟಿ ಕೈಗೆ ಕೊಟ್ಟುಬಿಡುತ್ತಿದ್ದಳು.

ಗಂಡ ಮುನಿಯಪ್ಪನಿಗೆ ಎಪ್ಪತ್ತೆರಡು. ಹದಿನೈದು ದಿನಕ್ಕೊಂದು ಭಾನುವಾರ, ಹಳೆಯ ಹಲ್ಲುಜ್ಜುವ ಬ್ರಷ್ಷು, ಒಂದು ಸೊಟ್ಟ ಬಟ್ಟಲು ಹಿಡಿದು ಕೊಟ್ಟಿಗೆ ಪಕ್ಕ ಕೂತು ಮೀಸೆಗೆ ಕಪ್ಪು ಬಳಿದುಕೊಳ್ಳುತ್ತಿದ್ದ. ಕಾವೇರಮ್ಮ ಅದಕ್ಕೆ ‘ಮೀಸೆಗಾರೆ’ ಅಂತ ಹೆಸರಿಟ್ಟಳು.

“ಯಜಮಾನ್ರೇ, ಗಾರೆ ಕೆಲ್ಸ ಮುಗೀತಾ? ಒಸಿ ನೀರಾಕಿ, ಬಿರುಕು ಬುಟ್ಟಾತು!”

ಮಗ ಬಾಲರಾಜು ಗೂಡ್ಸ್ ಗಾಡಿ ತಗೊಂಡು ಎರಡು ವರ್ಷವಾಗಿತ್ತು. ಸೀಟಿಗೆ ಸುತ್ತಿದ್ದ ಪ್ಲಾಸ್ಟಿಕ್ ಮಾತ್ರ ಬಂದ ದಿನದಂತೆಯೇ ಇತ್ತು. ಬೇಸಿಗೆಯಲ್ಲಿ ಅಂಗಿ ಸಮೇತ ಬೆನ್ನು ಅಂಟಿಕೊಂಡರೂ ಅವನು ಬಿಚ್ಚಲಿಲ್ಲ, ಯಾರನ್ನೂ ಬಿಚ್ಚಗೊಡಲಿಲ್ಲ. ಅದಕ್ಕೆ ಬಿದ್ದ ಹೆಸರು ‘ಪ್ಲಾಸ್ಟಿಕ್‌ಮಡಿ’. “ದೇವ್ರ ಪಟನಾರ ಮುಟ್ಬೌದು, ನನ್ ಮಗನ್ ಸೀಟ್ ಮುಟ್ಟಂಗಿಲ್ಲ” ಅಂತ ಬಂದವರಿಗೆಲ್ಲ ಹೇಳುತ್ತಿದ್ದಳು. ಇನ್ನು ಮೊಮ್ಮಗಳು ಭಾನುಪ್ರಿಯ. ಮಾಗಡಿಯಲ್ಲಿ ಬಿ.ಕಾಂ. ಎರಡನೇ ವರ್ಷ. ಸಂಜೆ ಬಿಸಿಲು ಹೊಂಬಣ್ಣಕ್ಕೆ ತಿರುಗಿದ್ದೇ ಹುಲ್ಲಿನ ಮೆದೆಗೆ ಒರಗಿ, ಫೋನನ್ನು ಮೇಲಕ್ಕೆತ್ತಿ, ಗಲ್ಲ ಓರೆ ಮಾಡಿ ಇಪ್ಪತ್ತು ಮೂವತ್ತು ಫೋಟೋ ತೆಗೆದುಕೊಳ್ಳುವಳು. ಅದು ‘ಮೋರೆಸುಗ್ಗಿ’.

“ಇವತ್ತು ಎಷ್ಟು ಮೂಟೆ ಆಯ್ತವ್ವ ಬೆಳೆ?”

“ಜಾಸ್ತಿ ಜೊಳ್ಳು ಅಜ್ಜಿ. ಎರಡೇ ಚೆನ್ನಾಗ್ ಬಂದವೆ” ಅಂತ ಭಾನು ಬಿದ್ದು ಬಿದ್ದು ನಗುತ್ತಿದ್ದಳು. ಅಜ್ಜಿಯ ಮಾತುಗಳನ್ನು ರೆಕಾರ್ಡು ಮಾಡಿ ಸ್ಟೇಟಸ್ಸಿಗೆ ಹಾಕುವುದು ಅವಳಿಗೊಂದು ಆಟ. ಊರವರೂ ಅದಕ್ಕೆ ಕಾಯುತ್ತಿದ್ದರು. ಹಾದಿಯಲ್ಲಿ ಸಿಕ್ಕ ಹೆಂಗಸರು “ಕಾವೇರಕ್ಕ, ನಮ್ಮನೇರು ಮೂರ್ ವಾಚ್ ಮಡೀಕಂಡವ್ರೆ, ಇದ್ಕೇನಂತೀಯೆ?” ಅಂತ ಕೇಳಿಕೊಂಡು ಬರುತ್ತಿದ್ದರು. ಕಾವೇರಮ್ಮನಿಗೆ ಇದರಿಂದ ಆಗುತ್ತಿದ್ದ ಖುಷಿ ಅಷ್ಟಿಷ್ಟಲ್ಲ. ಮಂಡಿ ನೋವು, ಕಣ್ಣಿನ ಪೊರೆ ಎಲ್ಲ ಮರೆತುಹೋಗುತ್ತಿತ್ತು.

ಮನೆಯಲ್ಲಿ ಹೆಸರು ಬೀಳದೆ ಉಳಿದಿದ್ದವಳು ಸೊಸೆ ಲತಾಮಣಿ ಒಬ್ಬಳೇ. ಕೆಂಪಾಪುರದ ಹುಡುಗಿ, ಬಂದು ಇಪ್ಪತ್ತೊಂದು ವರ್ಷ. ಮೆರೆಯುವುದಕ್ಕೆ ಅವಳಿಗೆ ಪುರುಸೊತ್ತಾದರೂ ಎಲ್ಲಿತ್ತು? ಬೆಳಿಗ್ಗೆ ಐದಕ್ಕೆ ಎದ್ದರೆ ಎರಡು ಸೀಮೆಹಸು, ಸಗಣಿ, ಹುಲ್ಲು, ಹಿಂಡಿ, ಒಲೆ. ಬೆಳಗಿನ ಹಾಲನ್ನು ಬಾಲರಾಜು ಗಾಡಿಯಲ್ಲೇ ಡೈರಿಗೆ ಕೊಟ್ಟು ಹೋಗುತ್ತಿದ್ದ. ಸಂಜೆ ಹಾಲಿಗೆ ಮಾತ್ರ ಲತಾಮಣಿ ಹೋಗುತ್ತಿದ್ದಳು. ಅವಳು ಮಾತು ಕಡಿಮೆ ಆಡುವವಳು, ಆಡಿದರೆ ಸರಿಯಾಗಿ ಆಡುವವಳು. ಹಾಗಿದ್ದದ್ದಕ್ಕೇ ಡೈರಿಯ ಹೆಂಗಸರೆಲ್ಲ ಸೇರಿ, ಈ ಸಲ ಹಾಲಿನ ಸಂಘದ ಚುನಾವಣೆಗೆ ನೀನೇ ನಿಲ್ಲಬೇಕು ಅಂತ ಹಟ ಹಿಡಿದದ್ದು.

ಸಂಘದಲ್ಲಿ ಹೆಂಗಸರಿಗೂ ಸೀಟು ಇತ್ತು, ಇಲ್ಲ ಅನ್ನುವ ಹಾಗಿಲ್ಲ. ಹತ್ತು ವರ್ಷದಿಂದ ಅದರಲ್ಲಿ ಚೆಲುವಯ್ಯನ ಹೆಂಡತಿಯ ಹೆಸರಿತ್ತು, ಕುರ್ಚಿಯಲ್ಲಿ ಚೆಲುವಯ್ಯ ಕೂರುತ್ತಿದ್ದ. ಆ ಹೆಂಗಸು ಒಂದು ಮೀಟಿಂಗನ್ನೂ ಕಂಡವಳಲ್ಲ. ಡೈರಿ ಮುಂದೆ ಮಳೆಯಲ್ಲಿ ಕ್ಯಾನಿಗೆ ಸೆರಗು ಮುಚ್ಚಿ ನಿಲ್ಲುವ ಹೆಂಗಸರು ಒಂದು ಶೀಟು ಹಾಕಿಸಿ ಅಂತ ಕೇಳಿ ಕೇಳಿ ಸಾಕಾಗಿದ್ದರು. “ಲತಾ, ನೀನ್ ಹೋದ್ರೆ ಮೀಟಿಂಗಲ್ಲಿ ನಿಜ್ವಾಗ್ಲೂ ಕೂತ್ಕತೀಯ” ಅಂದಿದ್ದಳು ಪಕ್ಕದ ಬೀದಿಯ ಇಸ್ಮತ್. ಲತಾಮಣಿ ಒಂದು ವಾರ ಯೋಚಿಸಿ ಅರ್ಜಿ ಹಾಕಿದಳು. ಅರ್ಜಿಗೆ ಸಹಿ ಮಾಡಿದ ದಿನ ಮನೆಯಲ್ಲಿ ಒಬ್ಬಟ್ಟು ಮಾಡಿದ್ದಳು, ಯಾಕೆ ಅಂತ ಯಾರಿಗೂ ಹೇಳದೆ.

ಅದಾಗಿ ನಾಲ್ಕನೆಯ ದಿನ, ಭಾನುವಾರ ಸಂಜೆ. ಕಾವೇರಮ್ಮ ಜಗಲಿಯಲ್ಲಿ ಮೊರ ಇಟ್ಟುಕೊಂಡು ರಾಗಿಯಲ್ಲಿ ಕಲ್ಲು ಆರಿಸುತ್ತಿದ್ದಳು. ಭಾನು ಪಕ್ಕದಲ್ಲಿ ಫೋನು ಹಿಡಿದು ಕೂತಿದ್ದಳು. ಲತಾಮಣಿ ಒಳಗಿಂದ ಬಂದಳು. ಮುಖಕ್ಕೆ ಸೋಪು ಹಚ್ಚಿ ತೊಳೆದು ತೆಳುವಾಗಿ ಪೌಡರು. ಇಸ್ತ್ರಿ ಮಾಡಿದ ನೀಲಿ ಸೀರೆ. ಬಾವಿಯ ಪಕ್ಕದ ಗಿಡದ್ದೇ ನಾಲ್ಕು ಎಳೆ ಕನಕಾಂಬರ. ಕೈಯಲ್ಲಿ ಹಾಲಿನ ಕ್ಯಾನು. ದಿನವೂ ಹೀಗೇ ಹೋಗುತ್ತಿದ್ದವಳು. ಅವತ್ತು ಅದು ಕಾವೇರಮ್ಮನ ಕಣ್ಣಿಗೆ ಬಿತ್ತು, ಬಿದ್ದದ್ದೇ ನಾಲಿಗೆಗೆ ಜಾರಿತು.

“ಹೊಂಟ್ತು ನೋಡ್ರವ್ವ ಡೈರಿದಿಬ್ಬಣ! ವಾಲಗದೋರು ಎಲ್ಲಿ ಹಾಳಾಗೋದ್ರು?”

ಭಾನು ಕಿಸಕ್ಕನೆ ನಕ್ಕಳು. ಮುನಿಯಪ್ಪ ನಕ್ಕ. ಲತಾಮಣಿಯೂ ತಿರುಗಿ ನೋಡಿ ಒಂದಿಷ್ಟು ನಕ್ಕು ನಡೆದಳು. ಸೊಸೆಗೂ ಒಂದು ಹೆಸರು ಸಿಕ್ಕಿತಲ್ಲ ಅಂತ ಕಾವೇರಮ್ಮನಿಗೆ ಮನೆ ಪೂರ್ತಿಯಾದಷ್ಟು ಸಂತೋಷವಾಯಿತು. ಭಾನುವಿನ ಫೋನು ಅಷ್ಟನ್ನೂ ಹಿಡಿದುಕೊಂಡಿತ್ತು, ಅಮ್ಮನ ಬೆನ್ನು, ಅಜ್ಜಿಯ ದನಿ, ತಾತನ ನಗು. ರಾತ್ರಿ ಊಟದ ಹೊತ್ತಿಗೆ ಅದು ಸ್ಟೇಟಸ್ಸಿನಲ್ಲಿತ್ತು, ಬೆಳಗಾಗುವಷ್ಟರಲ್ಲಿ ಊರಲ್ಲಿತ್ತು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅಂತ ದೊಡ್ಡವರು ಸುಮ್ಮನೆ ಹೇಳಿಲ್ಲ. ಸೋಮವಾರ ಸಂಜೆ ಲತಾಮಣಿ ಡೈರಿ ಮುಂದೆ ಹೋಗಿ ನಿಂತಳೋ ಇಲ್ಲವೋ, ಕಟ್ಟೆಯ ಮೇಲಿದ್ದ ಚೆಲುವಯ್ಯ ಎದ್ದು ನಿಂತನಂತೆ. “ದಾರಿ ಬುಡ್ರಲಾ, ದಿಬ್ಬಣ ಬಂತು! ಗಂಡಿನ್ ಕಡೇರೋ ಎಣ್ಣಿನ್ ಕಡೇರೋ?” ಮಂಗಳವಾರ ಯಾರೋ ಬಾಯಲ್ಲೇ ಪೀಪೀ ಅಂತ ವಾಲಗ ಊದಿದರಂತೆ. ಬುಧವಾರ “ಈಯಮ್ಮ ನಿರ್ದೇಶಕಿ ಆದ್ರೆ ಮೀಟಿಂಗಿಗೆ ಮೊದ್ಲು ಬ್ಯೂಟಿ ಪಾರ್ಲರ್ ಕಟ್ಟಿಸ್ಬೇಕಾಯ್ತದೆ ಕಣ್ರಲಾ” ಅಂದರಂತೆ, ಎಲ್ಲರೂ ನಕ್ಕರಂತೆ. ಇದನ್ನೆಲ್ಲ ಲತಾಮಣಿ ಮನೆಯಲ್ಲಿ ಹೇಳಲಿಲ್ಲ. ಗುರುವಾರ ಮಜ್ಜಿಗೆಗೆ ಬಂದ ಇಸ್ಮತ್ ಹೇಳಿದಳು.

“ತಮಾಷೆ ಬುಡು ಇಸ್ಮತ್” ಅಂದಳು ಕಾವೇರಮ್ಮ. “ನಾಲ್ಕ್ ದಿನ ನಗ್ತಾರೆ, ಮರೀತಾರೆ.”

“ನಗಿಸ್ಕೊಳ್ಳೋರ್ಗೆ ನಾಲ್ಕ್ ದಿನ ಬೋ ಉದ್ದ ಕಾವೇರಕ್ಕ” ಅಂದು ಇಸ್ಮತ್ ಮಜ್ಜಿಗೆ ತಂಬಿಗೆ ಎತ್ತಿಕೊಂಡು ಕೂರದೆ ಹೊರಟುಹೋದಳು.

ಶುಕ್ರವಾರ ಸಂಜೆ ಐದಾಯಿತು. ಲತಾಮಣಿ ಮುಖ ತೊಳೆಯಲಿಲ್ಲ. ಬೆಳಿಗ್ಗೆ ಕೊಟ್ಟಿಗೆ ಬಾಚಿದ ನೈಟಿಯಲ್ಲೇ, ಅಂಚಿಗೆ ಸಗಣಿ ಮೆತ್ತಿದ ಹಾಗೇ, ಹೆಗಲ ಮೇಲೊಂದು ಟವಲು ಹಾಕಿಕೊಂಡು, ಬಾಚದ ಕೂದಲನ್ನು ಗಂಟು ಬಿಗಿದು, ಕ್ಯಾನು ಎತ್ತಿದಳು. ಕಾವೇರಮ್ಮನ ಕೈಯಲ್ಲಿದ್ದ ಮೊರ ನಿಂತಿತು.

“ಯಾಕೆ ಲತಾ, ಹಿಂಗೇ ಹೊಂಟೆ?”

“ಹಾಲು ಉಯ್ಯಾಕೆ ಇಷ್ಟು ಸಾಕಲ್ವಾ ಅತ್ತೆ.”

ಅಷ್ಟೇ. ದನಿಯಲ್ಲಿ ಸಿಟ್ಟಿಲ್ಲ, ಅಳುವಿಲ್ಲ. ಮಾರನೇ ದಿನವೂ ಅದೇ ನೈಟಿ. ಅದರ ಮಾರನೇ ದಿನವೂ ಅದೇ. ಕನಕಾಂಬರ ಗಿಡದಲ್ಲೇ ಒಣಗಿ ಉದುರಿತು. ಮನೆಕೆಲಸ ಎಲ್ಲ ಗಡಿಯಾರದ ಹಾಗೆ ನಡೆಯುತ್ತಿತ್ತು, ಮುದ್ದೆ ಹೊತ್ತಿಗೆ ಸರಿಯಾಗಿ ತಟ್ಟೆಗೆ ಬೀಳುತ್ತಿತ್ತು, ಆದರೆ ಬಡಿಸುವ ಕೈ ಮಾತ್ರ ಇತ್ತು, ಬಾಯಿ ಇರಲಿಲ್ಲ. ಹಾದಿಯಲ್ಲಿ ಕಂಡವರು ಬೇರೆ, “ಏನ್ ಕಾವೇರಕ್ಕ, ಸೊಸೆಗೊಂದ್ ಸೀರೆಗೂ ಗತಿಯಿಲ್ವಾ?” ಅಂದರು. ಕಾವೇರಮ್ಮನಿಗೆ ನಗುವವರ ಮುಂದೆ ಎಡವಿ ಬಿದ್ದಂತಾಯಿತು.

ಆ ಭಾನುವಾರ ಹಿತ್ಕಬೇಳೆ ಸಾರು. ಅವರೆಕಾಳಿನ ಕಾಲ. ನೆನೆಸಿದ ಕಾಳನ್ನು ಬೆರಳಲ್ಲಿ ಹಿಸುಕಿ ಸಿಪ್ಪೆ ಬಿಡಿಸುವ ಕೆಲಸಕ್ಕೆ ಮೂರು ಹೆಂಗಸರೂ ಪಾತ್ರೆ ಸುತ್ತ ಕೂತರು. ಪ್ರತಿ ವರ್ಷ ಅದು ಮಾತಿನ ಹಬ್ಬ. ಈ ಸಲ ಕಾಳು ಪುಚಕ್ ಪುಚಕ್ ಅನ್ನುವ ಸದ್ದು ಬಿಟ್ಟರೆ ಏನಿಲ್ಲ. ಊಟಕ್ಕೆ ಕೂತ ಬಾಲರಾಜು ಒಬ್ಬೊಬ್ಬರ ಮುಖ ನೋಡಿದ.

“ಸಾರು ಇಷ್ಟ್ ಚೆಂದಾಗೈತೆ, ಸಾವಿನ್ ಮನೆ ತರ ಕೂತಿದ್ದೀರಲ್ಲ, ಏನಾಗೈತೆ ನಿಮ್ಗೆ?”

ಲತಾಮಣಿ ಕೈ ಒರೆಸಿಕೊಂಡು ಒಳಗೆ ಹೋಗಿ ಒಂದು ಕಾಗದ ತಂದು ಅವನ ತಟ್ಟೆಯ ಪಕ್ಕ ಇಟ್ಟಳು. “ನನ್ ಹೆಸ್ರು ವಾಪಸ್ ತಗೊಳ್ಳೋ ಅರ್ಜಿ. ಬರೋ ಶನಿವಾರ ಕಡೇ ದಿನ. ಕೊಟ್ಬುಡಿ.”

“ಅಲ್ಲ ಕಣೆ, ಅಷ್ಟ್ ಜನ ಹೆಂಗುಸ್ರು ನಿನ್ ನಂಬ್ಕೊಂಡು…”

“ನಂಬ್ಕೊಂಡಿರೋರೂ ನಗ್ತಾವ್ರೆ.”

ಭಾನು ತಟ್ಟೆಯ ಮೇಲೇ ಅಳಲು ಶುರುಮಾಡಿದಳು. “ನಾನ್ ಆವತ್ತೇ ಡಿಲೀಟ್ ಮಾಡ್ದೆ ಕಣವ್ವ. ಸತ್ಯವಾಗ್ಲೂ ಇಷ್ಟಾಯ್ತದೆ ಅಂತ ಗೊತ್ತಿರ್ಲಿಲ್ಲ.”

“ನೀನ್ ಫೋನಲ್ ಅಳಿಸ್ದೆ ಮಗ, ಊರ್ ಬಾಯಲ್ ಅಳಿಸಾಕಾಯ್ತದಾ? ಊಟ ಮಾಡು” ಅಂದು ಲತಾಮಣಿ ಮಗಳ ತಟ್ಟೆಗೆ ಇನ್ನೊಂದು ಸೌಟು ಸಾರು ಬಿಟ್ಟಳು. ಅತ್ತೆಯ ಕಡೆ ತಿರುಗಿಯೂ ನೋಡಲಿಲ್ಲ.

ಕಾವೇರಮ್ಮನಿಗೆ ಅವತ್ತು ಸಾರು ರುಚಿಸಲಿಲ್ಲ. ತನ್ನ ಬಾಯಿಂದ ಆದ ಗಾಯಕ್ಕೆ ತನ್ನ ಬಾಯೇ ಮದ್ದು ಅಂದುಕೊಂಡಳು ಪುಣ್ಯಾತ್ಗಿತ್ತಿ. ಸೋಮವಾರ ಸಂಜೆ, ಸೊಸೆ ಹಾಲು ಹಾಕಿ ಬಂದ ಮೇಲೆ, ಕೋಲೂರಿಕೊಂಡು ನೇರ ಡೈರಿ ಕಟ್ಟೆಗೆ ಹೋದಳು. ಚೆಲುವಯ್ಯ ಅಲ್ಲೇ ಇದ್ದ. ಈ ಮಹಾರಾಯನಿಗೆ ಒಂದು ಚಾಳಿ. ಯುಗಾದಿ ಇರಲಿ, ಯಾರದೋ ಹುಟ್ಟುಹಬ್ಬ ಇರಲಿ, ಬಸ್‌ಸ್ಟಾಪಿನಲ್ಲಿ ತನ್ನ ಫೋಟೋದ ಫ್ಲೆಕ್ಸು ನಿಲ್ಲಿಸಲೇಬೇಕು. ಕಪ್ಪು ಕನ್ನಡಕ, ಬಿಳಿ ಅಂಗಿ, ಎರಡೂ ಕೈ ಮುಗಿದ ಭಂಗಿ.

“ಏನ್ ಚೆಲುವಯ್ಯ, ನನ್ ಸೊಸೆ ಸೀರೆ ನೋಡಿ ನಕ್ಯಂತೆ? ನಿಂಗಿರಾ ಕಾಯ್ಲೆ ಗೊತ್ತೇನಪ್ಪ? ಫ್ಲೆಕ್ಸುಬ್ಬಸ! ತಿಂಗ್ಳಿಗೊಂದ್ ಸಲ ನಿನ್ ಮೋರೆ ಬಸ್‌ಸ್ಟಾಪಲ್ ಕಟ್ಟದೆ ಇದ್ರೆ ನಿಂಗೆ ಉಸ್ರಾಡಾಕೇ ಆಗಲ್ಲ.”

ಕಟ್ಟೆಯೆಲ್ಲ ಗೊಳ್ಳೆಂದಿತು. ಚೆಲುವಯ್ಯನ ಮುಖ ಕೆಂಪಾಯಿತು. ಗೆದ್ದ ಕಾವೇರಮ್ಮ ಮಂಡಿ ನೋವಿಲ್ಲದವಳಂತೆ ಮನೆಗೆ ಬಂದು, ಒಲೆ ಮುಂದಿದ್ದ ಸೊಸೆಗೆ ಎಲ್ಲ ವರ್ಣಿಸಿದಳು. ಲತಾಮಣಿ ಕೇಳಿಸಿಕೊಂಡು ಮುದ್ದೆ ಕೋಲನ್ನು ಕೆಳಗಿಟ್ಟಳು.

“ಇದೊಂದು ಬಾಕಿ ಇತ್ತು” ಅಂದಳು.

ಅವಳು ಹೆದರಿದ್ದೇ ಆಯಿತು. ಮಾರನೇ ದಿನ ಚೆಲುವಯ್ಯ ಮನೆಮನೆಗೂ ಹೋಗಿ, “ನೋಡ್ರಪ್ಪ, ಆ ಮನೇರ್ ಬಾಯಿ ಎಂಥದು ಅಂತ. ಇಂಥೋರ್ನ ಸಂಘುಕ್ಕೆ ಸೇರ್ಸುದ್ರೆ ನಾಳೆ ನಿಮ್ಗೂ ಒಂದೊಂದ್ ಹೆಸ್ರು ಇಕ್ತಾರೆ” ಅಂದ. ಜನಕ್ಕೂ ಹೌದೆನ್ನಿಸಿತು. ಅನ್ನಿಸದೆ ಏನು? ಅರ್ಧ ಊರಿಗೆ ಕಾವೇರಮ್ಮ ಆಗಲೇ ಹೆಸರು ಹಂಚಿದ್ದಳು. ಮೂರು ವಾಚಿನವನ ಹೆಂಡತಿ ಸಹ ಈಗ ಮುಖ ತಿರುವಿಕೊಂಡು ಹೋದಳು.

ಕಾವೇರಮ್ಮನಿಗೆ ಮೊದಲ ಸಲ ಹೆದರಿಕೆಯಾಯಿತು. ಬುಧವಾರ ತಲೆಗೆ ನೀರು ಹಾಕಿಕೊಂಡು, ಅರಿಶಿನದ ಬಟ್ಟೆಯಲ್ಲಿ ಒಂದು ರೂಪಾಯಿ ಬಿಲ್ಲೆ ಕಟ್ಟಿ ತಪ್ಪುಕಾಣಿಕೆ ಮಾಡಿದಳು. ಗೊತ್ತಿಲ್ಲದೆ ತಪ್ಪು ನಡೆದರೆ ಆ ಸೀಮೆಯಲ್ಲಿ ಮನೆದೇವರಿಗೆ ಹಾಗೆ ಕಟ್ಟಿಟ್ಟು ಕೈಮುಗಿಯುತ್ತಾರೆ. ಮಕ್ಕಳಿಗೆ ಜ್ವರ ಬಂದಾಗ, ಹರಕೆ ಮರೆತಾಗ, ಎಷ್ಟೋ ಸಲ ಕಟ್ಟಿದ್ದಳು. ಪ್ರತಿ ಸಲವೂ ಮನಸ್ಸು ಹಗುರಾಗುತ್ತಿತ್ತು. ಈ ಸಲವೂ ಆಯಿತು. ಹಗುರಾದ ಮನಸ್ಸಿನಲ್ಲೇ ಅಡಿಗೆಮನೆಗೆ ಬಂದಳು.

“ಲತಾ, ದೇವ್ರಿಗೆ ತಪ್ಪುಕಾಣಿಕೆ ಕಟ್ಟಿವ್ನಿ ಕಣವ್ವ. ಎಲ್ಲಾ ಸರಿಹೋಯ್ತದೆ. ಇವತ್ತು ಆ ನೀಲಿ ಸೀರೆ ಉಟ್ಕೊ.”

ಲತಾಮಣಿ ತೊಳೆಯುತ್ತಿದ್ದ ಕ್ಯಾನನ್ನು ಧಡ್ ಅಂತ ಇಟ್ಟಳು.

“ದೇವ್ರು ಡೈರಿಗೆ ಹೋಯ್ತಾನಾ ಅತ್ತೆ? ದೇವ್ರನ್ ನೋಡಿ ಪೀಪೀ ಊದುದ್ರಾ? ನಗಿಸ್ಕೊಂಡೋಳು ನಾನು. ನೀವು ಕಾಣಿಕೆ ಕಟ್ಟಿದ್ದು ದೇವ್ರಿಗೆ!”

ಇಪ್ಪತ್ತೊಂದು ವರ್ಷದಲ್ಲಿ ಆ ದನಿ ಆ ಮನೆಯಲ್ಲಿ ಕೇಳಿಸಿರಲಿಲ್ಲ. ಕೊಟ್ಟಿಗೆಯಲ್ಲಿದ್ದ ಮುನಿಯಪ್ಪ ಬಾಗಿಲಿಗೆ ಬಂದು ನಿಂತ.

“ಐದ್ ಗಂಟೆಗೆದ್ರೆ ಸಗಣಿ, ಗಂಜ್ಲ, ಒಲೆ, ಪಾತ್ರೆ. ಮದ್ವೆ ಮುಂಜಿಗೆ ನೀವ್ ಹೋಯ್ತೀರಿ, ದನ ಕಾಯೋಳು ನಾನು. ಅವ್ರು ಊರೂರು ತಿರುಗ್ತಾರೆ. ಇವ್ಳು ಕಾಲೇಜು. ನಾನ್ ಮನೆಯಿಂದ ಆಚೆ ಕಾಲಿಡೋ ಜಾಗ ಅದೊಂದೇ ಅತ್ತೆ. ದಿನಕ್ಕೆ ಅರ್ಧ ಗಂಟೆ. ಆ ಅರ್ಧ ಗಂಟೆ ಮುಖ ತೊಳ್ಕೊಂಡು ಒಂದ್ ಸೀರೆ ಉಟ್ರೆ ನಾನೂ ಒಬ್ಳು ಮನುಷ್ಯಳು ಅನ್ನುಸ್ತಿತ್ತು. ಅದ್ಕೂ ಹೆಸ್ರಿಟ್ರಿ. ಇನ್ನೇನ್ ಉಡ್ಲಿ?”

ಲತಾಮಣಿ ಕ್ಯಾನು ಎತ್ತಿಕೊಂಡು ಅದೇ ನೈಟಿಯಲ್ಲಿ ಹೊರಟುಹೋದಳು.

ಆಮೇಲೆ ಮುನಿಯಪ್ಪ ಹೆಂಡತಿಯ ಪಕ್ಕ ಜಗಲಿಯಲ್ಲಿ ಕೂತು, ಎಲೆಗೆ ಸುಣ್ಣ ಸವರುತ್ತಾ ಮೆಲ್ಲಗೆ ಹೇಳಿದ.

“ಕಾವೇರಿ, ನನ್ ಮೀಸೆಗೆ ನೀನ್ ಹೆಸ್ರಿಟ್ಟಾಗ ನಾನ್ ಯಾಕೆ ನಗ್ತಿದ್ದೆ ಹೇಳು? ಊರ್ ನಕ್ರೂ ನನ್ ಯಜಮಾನಿಕೆ ಹೋಗಲ್ಲ. ಮೀಸೆ ಬೆಳ್ಳಗಿದ್ರೂ ಮುನಿಯಪ್ಪನೇ, ಕರ್ರಗಿದ್ರೂ ಮುನಿಯಪ್ಪನೇ. ಆ ಮಗೀಗೆ ಇದ್ದುದ್ದೇ ಅಷ್ಟು. ಅದ್ನ ತಗೊಂಡ್ಬುಟ್ಟೆ ನೀನು.”

“ಬೇಕೂಂತ ಮಾಡಿದ್ನಾ?”

“ಬೇಕೂಂತ ಮಾಡಿದ್ರೆ ಒಂದ್ ಸಲ ಬೈದು ಬುಡ್ಬೋದಿತ್ತು.”

ಕಾವೇರಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. ನಾಚಿಕೆಯಾಗಿತ್ತು ಅವಳಿಗೆ. ನಕ್ಕವರ ಮೇಲೆ ಸಿಟ್ಟು ಮಾಡಿಕೊಂಡು ಇಷ್ಟು ದಿನ ಕಳೆದಿದ್ದಳು, ನಗಿಸಿದವಳು ಯಾರು ಅಂತ ಕೇಳಿಕೊಂಡಿರಲಿಲ್ಲ. ತಪ್ಪುಕಾಣಿಕೆ ಎಲ್ಲಿಗೆ ಸಲ್ಲಬೇಕಿತ್ತು ಅಂತ ಗೊತ್ತಾದ ಮೇಲೆ ಗುರುವಾರ ಪೂರ್ತಿ ಆ ಜಾಗಕ್ಕೆ ಹೋಗಿ ನಿಲ್ಲುವ ಧೈರ್ಯ ಕೂಡಿಸಿಕೊಂಡಳು.

ಶುಕ್ರವಾರ ನಾಲ್ಕೂವರೆಗೆ ಕಾವೇರಮ್ಮ ಟ್ರಂಕು ತೆಗೆದಳು. ಹತ್ತು ಜನರ ಮುಂದೆ ತಲೆ ತಗ್ಗಿಸಿ ನಿಲ್ಲಬೇಕು, ಕಂತ್ರಿಯಾಗಿ ಹೋಗಿ ನಿಂತರೆ ಮನೆತನದ ಮರ್ಯಾದೆ ಏನಾದೀತು? ಕೆಂಪು ಅಂಚಿನ ರೇಷ್ಮೆ ಸೀರೆ ಹೊರಗೆ ಬಂತು. ಕೂದಲಿಗೆ ಎಣ್ಣೆ ಹಚ್ಚಿ ಬಿಗಿಯಾಗಿ ತುರುಬು ಕಟ್ಟಿದಳು. ಕೆನ್ನೆಗೆ ಸೊಸೆಯ ಡಬ್ಬಿಯಿಂದಲೇ ಒಂದಿಷ್ಟು ಪೌಡರು. ಬೀರುವಿನ ಕನ್ನಡಿ ಮುಂದೆ ನಿಂತು ಈ ಕಡೆ ತಿರುಗಿದಳು, ಆ ಕಡೆ ತಿರುಗಿದಳು.

“ಭಾನು, ನೆರಿಗೆ ಸರಿಯಾಗವಾ ನೋಡವ್ವ. ಹಿಂದ್ಗಡೆ ಗಿಡ್ಡ ಆಗಿಲ್ಲ ತಾನೆ?”

“ಎಲ್ಲಿಗಜ್ಜಿ?”

“ಡೈರಿಗೆ. ತಪ್ಪು ಒಪ್ಕೊಂಡ್ ಬರಾಕೆ.”

ಹಾಲು ಸೋಸುತ್ತಿದ್ದ ಲತಾಮಣಿ ಅಡಿಗೆಮನೆ ಬಾಗಿಲಿಂದ ಎಲ್ಲ ನೋಡುತ್ತಿದ್ದಳು. ಕಾವೇರಮ್ಮ ಬಂದು ಕ್ಯಾನಿಗೆ ಕೈ ಹಾಕಿದಳು. “ನಡಿ. ಇವತ್ತು ನಾನೂ ಬತ್ತೀನಿ.” ಲತಾಮಣಿ ಏನೋ ಹೇಳಹೋಗಿ ಸುಮ್ಮನಾದಳು. ಮುಂದೆ ರೇಷ್ಮೆ ಸೀರೆಯ ಅತ್ತೆ ಕ್ಯಾನು ಹಿಡಿದು, ಹಿಂದೆ ನೈಟಿಯ ಸೊಸೆ, ಅವಳ ಹಿಂದೆ ಭಾನು, ಫೋನನ್ನು ಮನೆಯಲ್ಲೇ ಬಿಟ್ಟು. ಬೀದಿಯ ಜನ ಬಾಗಿಲಿಗೆ ಬಂದು ನಿಂತು ನೋಡಿದರು.

ಡೈರಿ ಮುಂದೆ ಸಾಲು ಉದ್ದವಿತ್ತು. ಚೆಲುವಯ್ಯ ಕಟ್ಟೆಯ ಮೇಲಿದ್ದ. ಬಾಲರಾಜು ಗಾಡಿ ನಿಲ್ಲಿಸಿ ಹಿಂಡಿ ಮೂಟೆ ಏರಿಸುತ್ತಿದ್ದವನು ತಾಯಿಯನ್ನು ಕಂಡು ಹಾಗೇ ನಿಂತ. ಕಾವೇರಮ್ಮ ಕ್ಯಾನು ಕೆಳಗಿಟ್ಟಳು.

“ಒಸಿ ಕೇಳ್ರಪ್ಪ ಎಲ್ರೂವೆ. ಡೈರಿದಿಬ್ಬಣ ಅಂದೋಳು ನಾನು. ನನ್ ಸೊಸೆ ಮೆರೀಲಿಲ್ಲ. ದಿನವೆಲ್ಲ ದುಡ್ದು ಒಂದ್ ಗಳಿಗೆ ಚೆಂದಾಗ್ ಕಾಣ್ಸಾನ ಅಂದ್ಲು, ಅಷ್ಟೇಯ. ನಾನ್ ಬಾಯ್ ಚಪಲಕ್ಕೆ ಒಂದ್ ಮಾತಂದೆ, ನೀವು ಹಿಡ್ಕೊಂಡ್ರಿ. ತಪ್ಪುಕಾಣಿಕೆ ದೇವ್ರಿಗ್ ಕಟ್ದೆ, ಅದೂ ತಪ್ಪಾಯ್ತು. ಇಲ್ಲಿ ಆಗಿದ್ದು ತಪ್ಪು, ಇಲ್ಲೇ ಒಪ್ಕೋಬೇಕು. ಚೆಲುವಯ್ಯ, ನಿಂಗಂದಿದ್ದೂ ತಪ್ಪಾಯ್ತು ಕಣಪ್ಪ. ನಗೋದಾದ್ರೆ ಈ ಮುದ್ಕಿನ್ ನೋಡಿ ನಗಿ. ಇವ್ಳ ಹೆಸ್ರು ಮಾತ್ರ ಉಳಿಸ್ಕೊಡಿ.”

ಯಾರೂ ನಗಲಿಲ್ಲ. ಚೆಲುವಯ್ಯ ಕೂಡ ನೆಲ ನೋಡಿದ. ಹಾಲಿನ ಮೆಷಿನ್ನು ಗುಯ್‌ಗುಡುವುದು ಬಿಟ್ಟರೆ ಸದ್ದೇ ಇಲ್ಲ. ಬೈದಿದ್ದರೂ ಸಹಿಸಬಹುದಿತ್ತು. ಈ ಮೌನದಿಂದ ಪಾರಾಗುವ ದಾರಿ ತಿಳಿಯದೆ ಕಾವೇರಮ್ಮ ಸೊಸೆಯ ಮುಖ ನೋಡಿದಳು.

ಲತಾಮಣಿ ಅತ್ತೆಯನ್ನು ತಲೆಯಿಂದ ಕಾಲಿನವರೆಗೆ ನೋಡುತ್ತಿದ್ದಳು. ಎಣ್ಣೆಯ ತುರುಬು, ಮೂಗಿನ ಪಕ್ಕ ಸರಿಯಾಗಿ ಹರಡದೆ ಉಳಿದ ಪೌಡರು, ಮಿರಮಿರ ರೇಷ್ಮೆ. ಅವಳ ತುಟಿಯ ಕೊನೆ ಸಣ್ಣಗೆ ಅಲುಗಿತು.

“ಅಲ್ಲ ಅತ್ತೆ” ಅಂದಳು, ಎಲ್ಲರಿಗೂ ಕೇಳಿಸುವಂತೆ. “ಮದ್ವೆಗೆ ಸಿಂಗಾರ ಮಾಡ್ಕೊಳ್ಳೋರ್ನ ಕಂಡಿದ್ದೆ, ಹಬ್ಬಕ್ಕೆ ಕಂಡಿದ್ದೆ. ತಪ್ಪು ಒಪ್ಕೊಳ್ಳಾಕೆ ಅರ್ಧ ಗಂಟೆ ಕನ್ನಡಿ ಮುಂದೆ ನಿಂತೋರ್ನ ನಿಮ್ಮನ್ನೇ ಕಂಡಿದ್ದು. ಇದ್ಕೆ ತಪ್ಪುಸಿಂಗಾರ ಅನ್ಬೇಕು!”

ಮೊದಲು ಇಸ್ಮತ್ ನಕ್ಕಳು. ಆ ನಗು ಹಿಡಿದುಕೊಂಡು ಸಾಲಿಗೆ ಸಾಲೇ ನಕ್ಕಿತು. ಬಾಲರಾಜು ಹಿಂಡಿ ಮೂಟೆ ಮೇಲೆ ಕೂತು ನಕ್ಕ. “ತಪ್ಪುಸಿಂಗಾರ! ಎಲಾ ಇವ್ಳ!” ಅಂತ ಚೆಲುವಯ್ಯನೂ ತೊಡೆ ತಟ್ಟಿಕೊಂಡ. ಕಾವೇರಮ್ಮನ ಕಿವಿ ಬಿಸಿಯಾದವು. ಮುಖ ಎಲ್ಲಿಟ್ಟುಕೊಳ್ಳಬೇಕು ಅಂತ ತಿಳಿಯಲಿಲ್ಲ. ಅಷ್ಟು ವರ್ಷ ಊರಿಗೆಲ್ಲ ಹಂಚಿದ್ದಳು, ತನ್ನ ಮೈಮೇಲೆ ಒಂದೂ ಬಿದ್ದಿರಲಿಲ್ಲ. ತಾನೂ ನಗಬೇಕು ಅಂತ ತುಟಿ ಅಗಲಿಸಿದಳು. ಡೈರಿದಿಬ್ಬಣ ಅಂದ ದಿನ ಸೊಸೆ ತಿರುಗಿ ನೋಡಿ ನಕ್ಕದ್ದು ಎಂಥ ನಗು ಅಂತ ಆಗ ತಿಳಿಯಿತು.

ಲತಾಮಣಿ ಹತ್ತಿರ ಬಂದು ಟವಲಿನ ತುದಿಯಿಂದ ಅತ್ತೆಯ ಮೂಗಿನ ಪಕ್ಕದ ಪೌಡರನ್ನು ಒರೆಸಿದಳು. ಆಮೇಲೆ ಗಂಡನ ಕಡೆ ತಿರುಗಿದಳು.

“ಆ ಕಾಗ್ದ ಕೊಡ್ಬ್ಯಾಡಿ ನಾಳೆ. ನನ್ ಹೆಸ್ರು ಇರ್ಲಿ.”

“ಇರ್ಲಿ ಅಂತ ನಾನೂ ಮನೇಲೇ ಮಡಗಿವ್ನಿ” ಅಂದ ಬಾಲರಾಜು. ಹೆಂಗಸರ ಸಾಲಿನಿಂದ ಯಾರೋ “ಹಂಗನ್ನು ಲತಕ್ಕ!” ಅಂತ ಕೂಗಿದರು. ಕ್ಯಾನುಗಳು ಮುಂದಕ್ಕೆ ಸರಿದವು.

ವಾಪಸು ಬರುವಾಗ ಖಾಲಿ ಕ್ಯಾನನ್ನು ಭಾನು ಹಿಡಿದು ಮುಂದೆ ಹೋದಳು. ಅತ್ತೆ ಸೊಸೆ ಹಿಂದೆ ಉಳಿದರು. ಸ್ವಲ್ಪ ದೂರ ನಡೆದ ಮೇಲೆ ಕಾವೇರಮ್ಮ ಕೇಳಿದಳು.

“ಲತಾ, ಆ ಮಾತು ಅಲ್ಲೇ ಹುಟ್ತಾ?”

“ಇಲ್ಲ ಅತ್ತೆ. ನೀವು ಬೀರು ಮುಂದೆ ನಿಂತಿದ್ರಲ್ಲ, ಅವಾಗ್ಲೇ ಹುಟ್ತು. ಹೇಳೋದಾ ಬ್ಯಾಡ್ವಾ ಅಂತ ದಾರಿ ಉದ್ದಕ್ಕೂ ಯೋಚ್ನೆ ಮಾಡ್ಕೊಂಡ್ ಬಂದೆ.”

ಹೇಳುವುದೋ ಬೇಡವೋ ಅಂತ ಯೋಚಿಸುವುದು! ಅರವತ್ತೆಂಟು ವರ್ಷದಲ್ಲಿ ಕಾವೇರಮ್ಮ ಒಂದು ಮಾತಿಗೂ ಅಷ್ಟು ದಾರಿ ನಡೆದಿರಲಿಲ್ಲ.

“ಮಾತು ಚೆಂದಾಗೈತೆ” ಅಂದಳು. ಆಮೇಲೆ ತಡೆದು, “ಉರೀತು ಕಣೆ” ಅಂದಳು.

ಲತಾಮಣಿ ಅತ್ತೆಯ ಕೈ ಹಿಡಿದು ರಸ್ತೆಯ ಹಳ್ಳ ದಾಟಿಸಿದಳು. ದಾಟಿದ ಮೇಲೂ ಬಿಡಲಿಲ್ಲ.

“ಗೊತ್ತು ಅತ್ತೆ” ಅಂದಳು.